ಕೌದಿಗೆ ತಕ್ಕ ಬೆಲೆ

ಹರಿಹರ ತಾಲ್ಲೂಕಿನ ಕೊಕ್ಕನೂರಿನಂತಹ ಬಯಲಿನ ಹಳ್ಳಿಗಳಿಗೂ ಯಲ್ಲಾಪುರ, ಹಳಿಯಾಳಗಳ ಕಾಡಂಚಿನ ಸಿದ್ದಿ ಕೇರಿಗಳಿಗೂ ಸಮಾನವಾದ ವಸ್ತುವೊಂದಿದೆ. ಅದು ಕೌದಿ. ಹರಿದ ಸೀರೆ, ಸವೆದ ಪಂಚೆ, ಮಕ್ಕಳ ಹಳೆಯ ಅಂಗಿಗಳೇ ಅದರ ಬಂಡವಾಳ. ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಮನೆಯಂಗಳದ ಸೂಜಿ ಮಾತ್ರ ನಿಲ್ಲಲಿಲ್ಲ.

ಸಿದ್ದಿ ಮಹಿಳೆಯರು ಅಂಚಿನಿಂದ ಹೊಲಿಗೆ ಆರಂಭಿಸಿ, ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಮಡಚಿದ ಬಟ್ಟೆಯ ತ್ರಿಕೋನಗಳನ್ನು, ಅಂದರೆ ‘ಫುಲಾ’ ಎಂಬ ಹೂಗಳನ್ನು, ಇಡದೆ ಅವರ ಕೌದಿ ಪೂರ್ಣವಾಗದು. ಯಾವ ಕಲಾಶಾಲೆಯೂ ಕಲಿಸದ ಈ ವರ್ಣವಿನ್ಯಾಸ 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡಿತು.

ಅಲ್ಲಿ ಕಲೆಯೆನಿಸಿದ್ದನ್ನು ಇಲ್ಲಿ ಇಂದಿಗೂ ‘ಬಿಡುವಿನ ಕೆಲಸ’ವೆಂದೇ ಕಾಣಲಾಗುತ್ತಿದೆ. ಬಟ್ಟೆ ಹಳೆಯದೆಂಬ ಕಾರಣಕ್ಕೆ ಹೊಲಿಗೆಗೆ ಹಿಡಿದ ದಿನಗಳು ಲೆಕ್ಕಕ್ಕೆ ಬರುವುದಿಲ್ಲ. ಪಾಲಿಯೆಸ್ಟರ್ ಹೊದಿಕೆ ಹರಿದರೆ ಮಣ್ಣಿನಲ್ಲಿ ಕರಗದು. ಹಳೆಯ ಹತ್ತಿ ಕೌದಿಯಾದರೋ ಹೊಸದೊಂದರ ಒಳಪದರವಾಗುತ್ತದೆ. ಈ ಗುಣವನ್ನು ಕೊಂಡಾಡುವ ಪರಿಸರಾಸಕ್ತರೂ ಹೊಲಿದವಳ ಕೂಲಿಯ ಪ್ರಶ್ನೆ ಬಂದಾಗ ಚೌಕಾಸಿಗಿಳಿಯುವುದುಂಟು. ಕೂಲಿ ಕೊಡದ ಮರುಬಳಕೆಯು ಬಿಟ್ಟಿ ದುಡಿಮೆಯ ಇನ್ನೊಂದು ರೂಪವಷ್ಟೇ.

ಆದ್ದರಿಂದ ಕೊಳ್ಳುವವರು ಮೊದಲು ಎಷ್ಟು ದಿನದ ಹೊಲಿಗೆಯೆಂದು ಕೇಳಲಿ. ಆ ದಿನಗಳಿಗೆ ಕೃಷಿ ಕೂಲಿಗಿಂತ ಕಡಿಮೆಯಿಲ್ಲದಂತೆ ಬೆಲೆ ನಿಗದಿಯಾಗಲಿ. ಕಾಲೇಜುಗಳ ಕರಕುಶಲ ಪ್ರದರ್ಶನಗಳಲ್ಲಿ ಕೌದಿಯನ್ನು ತೂಗುಹಾಕುವ ವಿದ್ಯಾರ್ಥಿಗಳು, ಚಿತ್ರದ ಕೆಳಗೆ ಕಲಾವಿದನ ಹೆಸರು ಬರೆಯುವಂತೆ, ಅದರ ಕೆಳಗೆ ಹೊಲಿದಾಕೆಯ ಹೆಸರನ್ನೂ ಬರೆಯಲಿ.