ಬಿಸಿಯೂ ಬೇಕು, ತಂಪೂ ಬೇಕು



ಬೈಕಿನ ವಿಷಯ ಗಂಡಸರಿಗೆ ಸೇರಿದ್ದು, ನಮಗೇಕೆ ಎಂದು ಪುಟ ಮಗುಚಬೇಡಿ. ಮಗ ಮನೆಗೆ ಬರುವುದು ಸ್ವಲ್ಪ ತಡವಾದರೆ ಬಾಗಿಲ ಬಳಿ ನಿಂತು ರಸ್ತೆ ನೋಡುವವರು ನಾವೇ ತಾನೇ? ಅವನ ಬೈಕಿನ ಬಗ್ಗೆ ನಾಲ್ಕು ಮಾತು ನಮಗೂ ತಿಳಿದಿರಲಿ.

ಕಳೆದ ಬೇಸಿಗೆಯ ಒಂದು ಸಂಜೆ ನೆರೆಮನೆಯ ಸಹೋದರಿ ಕಣ್ಣೀರಿಡುತ್ತಾ ಬಂದರು. "ಟೀಚರ್, ಮಗನ ಕೈ ಸುಟ್ಟುಹೋಗಿದೆ, ಒಮ್ಮೆ ಬನ್ನಿ" ಎಂದರು. ಹೋಗಿ ನೋಡಿದರೆ ಹುಡುಗನ ಬಲಗೈ ಮೊಣಕೈವರೆಗೆ ಕೆಂಪಾಗಿ ಗುಳ್ಳೆ ಎದ್ದಿತ್ತು. ಯಾರೋ ಅದರ ಮೇಲೆ ಟೂತ್‌ಪೇಸ್ಟ್ ಬೇರೆ ಹಚ್ಚಿದ್ದರು. ತಕ್ಷಣ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಾಹನ ಅನುಗ್ರಹದಿಂದ ಮುಖಕ್ಕೆ, ಕಣ್ಣಿಗೆ ಏನೂ ಆಗಿರಲಿಲ್ಲ.

ಕಾರಣ ಕೇಳಿದಾಗ ಹುಡುಗ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಗಲ್ಫ್‌ನಲ್ಲಿ ದುಡಿಯುವ ತಂದೆ ಕಳುಹಿಸಿದ ಹಣದಿಂದ ಕಾಲೇಜಿಗೆ ಹೋಗಲು ಒಂದು ಸೆಕೆಂಡ್ ಹ್ಯಾಂಡ್ ಬೈಕ್ ಕೊಂಡಿದ್ದ. ಪೇಟೆಯ ಟ್ರಾಫಿಕ್‌ನಲ್ಲಿ ನಿಂತಾಗಲೆಲ್ಲ ಅದು ಬಿಸಿಯಾಗಿ ಮೀಟರಿನಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ, "ನಮ್ಮೂರಿನ ಸೆಕೆಗೆ ಥರ್ಮೋಸ್ಟಾಟ್ ಯಾಕೆ? ಕಿತ್ತುಬಿಟ್ಟರೆ ನೀರು ಸರಾಗವಾಗಿ ಓಡುತ್ತದೆ, ಇಂಜಿನ್ ತಣ್ಣಗಿರುತ್ತದೆ" ಎಂದು ಹೇಳಿ ಅದನ್ನು ತೆಗೆದು ಕೈಗೆ ಕೊಟ್ಟರು. ಕೆಲವು ದಿನ ದೀಪ ಉರಿಯಲಿಲ್ಲ. ಹುಡುಗನಿಗೆ ಖುಷಿಯೋ ಖುಷಿ. ಆದರೆ ಪೆಟ್ರೋಲ್ ಮಾತ್ರ ಮೊದಲಿಗಿಂತ ಬೇಗ ಖಾಲಿಯಾಗತೊಡಗಿತು. ಮುಂದೊಂದು ದಿನ ದೊಡ್ಡ ಟ್ರಾಫಿಕ್ ಜಾಮ್‌ನಲ್ಲಿ ಸಿಕ್ಕಿಬಿದ್ದಾಗ ಅದೇ ದೀಪ ಮತ್ತೆ ಉರಿಯಿತು. ಬದಿಗೆ ನಿಲ್ಲಿಸಿ, ತಣ್ಣೀರು ಹೊಯ್ಯೋಣವೆಂದು ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಕುದಿಯುವ ನೀರು ಕೈಯ ಮೇಲೆ ಚಿಮ್ಮಿತು.

ಮದ್ರಸದಲ್ಲಿ ಓದಿ, ಆಮೇಲೆ ಬಿ.ಎ. ಮಾಡಿದ ನನಗೆ ಇಂಜಿನಿನ ವಿದ್ಯೆ ಎಲ್ಲಿಂದ ಬರಬೇಕು? ಆದರೂ ಮನಸ್ಸು ತಡೆಯಲಿಲ್ಲ. ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರಲ್ಲಿ ಆ ತಾಯಿ, ಮಗನೊಂದಿಗೆ ಹೋಗಿ ಕೇಳಿ ತಿಳಿದುಕೊಂಡೆ.

ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿರುವ ಸ್ಪ್ಲೆಂಡರ್‌ನಂತಹ ಬೈಕುಗಳಿಗೆ ರೇಡಿಯೇಟರೂ ಇಲ್ಲ, ಥರ್ಮೋಸ್ಟಾಟೂ ಇಲ್ಲ. ಓಡುವಾಗ ಬೀಸುವ ಗಾಳಿಯೇ ಅವುಗಳ ಇಂಜಿನನ್ನು ತಂಪಾಗಿಸುತ್ತದೆ. 2008ರಲ್ಲಿ ಬಂದ ಯಮಹಾ ಆರ್15, 2012ರಲ್ಲಿ ಬಂದ ಕೆಟಿಎಂ ಡ್ಯೂಕ್ 200 ಮುಂತಾದ ಬೈಕುಗಳ ನಂತರ ನೀರಿನಿಂದ ತಂಪಾಗುವ ಇಂಜಿನುಗಳು ನಮ್ಮ ಹುಡುಗರ ಕೈಗೂ ಬಂದವು. ಇವುಗಳಲ್ಲಿ ಕೂಲೆಂಟ್ ಎಂಬ ದ್ರವ ಇಂಜಿನಿನ ಬಿಸಿಯನ್ನು ಹೊತ್ತು ರೇಡಿಯೇಟರಿಗೆ ಹೋಗಿ, ತಣ್ಣಗಾಗಿ ಹಿಂದಿರುಗುತ್ತದೆ. ಆ ದಾರಿಯಲ್ಲಿರುವ ಚಿಕ್ಕ ಬಾಗಿಲೇ ಥರ್ಮೋಸ್ಟಾಟ್.

ಈ ಬಾಗಿಲಿಗೆ ವಿದ್ಯುತ್ ಬೇಡ. ಅದರೊಳಗೆ ಒಂದಿಷ್ಟು ಮೇಣ ತುಂಬಿರುತ್ತದೆ. ಬಿಸಿಯಾದಾಗ ಮೇಣ ಕರಗಿ ಹಿಗ್ಗಿ ಬಾಗಿಲನ್ನು ತಳ್ಳುತ್ತದೆ. ತಣ್ಣಗಾದಾಗ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಸಾಮಾನ್ಯವಾಗಿ 70ರಿಂದ 85 ಡಿಗ್ರಿಯ ನಡುವೆ ಇದು ತೆರೆಯಲು ಆರಂಭಿಸುತ್ತದೆ. ಅಲ್ಲಿಯವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಹೋಗಗೊಡದೆ ಇಂಜಿನನ್ನು ಬೇಗ ಬಿಸಿಯಾಗಿಸುತ್ತದೆ.

ಇಂಜಿನಿಗೆ ಬಿಸಿ ಯಾಕೆ ಬೇಕು ಎಂದು ಕೇಳುತ್ತೀರಾ? ಕಾವಲಿ ಕಾಯುವ ಮೊದಲೇ ನೀರುದೋಸೆಯ ಹಿಟ್ಟು ಹೊಯ್ದರೆ ಏನಾಗುತ್ತದೆ? ದೋಸೆ ಏಳುವುದಿಲ್ಲ, ಅಂಟಿಕೊಳ್ಳುತ್ತದೆ. ಕಾವು ಅತಿಯಾದರೆ ಕರಟುತ್ತದೆ. ಇಂಜಿನಿಗೂ ಅದರದ್ದೇ ಆದ ಹದವಿದೆ. ತಣ್ಣಗಿನ ಇಂಜಿನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಇಂಜಿನ್ ಇನ್ನೂ ಬಿಸಿಯಾಗಿಲ್ಲವೆಂದು ಬೈಕಿನ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಉರಿಯದೆ ಉಳಿದ ಪೆಟ್ರೋಲ್ ಕೆಳಗಿಳಿದು ಆಯಿಲ್‌ಗೆ ಸೇರಿ ಅದನ್ನು ತೆಳ್ಳಗಾಗಿಸುತ್ತದೆ. ಇಂಜಿನ್ ಬೇಗ ಸವೆಯುತ್ತದೆ. ನಮ್ಮೂರಿನ ಸೆಕೆಗೆ ಥರ್ಮೋಸ್ಟಾಟ್ ಬೇಡ ಎನ್ನುವ ಮಾತು ಇಲ್ಲಿಯೇ ಬಿದ್ದುಹೋಗುತ್ತದೆ. ನಮ್ಮ ಸೆಕೆ ಎಷ್ಟಾದರೂ 40 ಡಿಗ್ರಿಯ ಆಸುಪಾಸು. ಇಂಜಿನಿಗೆ ಬೇಕಾದ ಬಿಸಿ ಅದರ ಎರಡರಷ್ಟು. ಅದೂ ಅಲ್ಲದೆ, ಕೆಲವು ಬೈಕುಗಳಲ್ಲಿ ಥರ್ಮೋಸ್ಟಾಟ್ ತೆಗೆದರೆ ಬಿಸಿ ಕೂಲೆಂಟಿನ ಒಂದು ಪಾಲು ರೇಡಿಯೇಟರನ್ನು ಮುಟ್ಟದೆಯೇ ಇಂಜಿನಿಗೆ ಮರಳುತ್ತದೆ.

ಹಾಗಾದರೆ ಆ ಹುಡುಗನ ಬೈಕಿನ ನಿಜವಾದ ಕಾಯಿಲೆ ಏನು? ರೇಡಿಯೇಟರಿನ ಹಿಂದಿರುವ ಫ್ಯಾನಿನ ಫ್ಯೂಸ್ ಸುಟ್ಟುಹೋಗಿತ್ತು, ಅಷ್ಟೇ! ಬೈಕ್ ಓಡುವಾಗ ಗಾಳಿ ಸಿಗುತ್ತದೆ, ನಿಂತಾಗ ಫ್ಯಾನೇ ಗಾಳಿ ಕೊಡಬೇಕು. ಫ್ಯೂಸ್ ಯಾಕೆ ಸುಟ್ಟಿತು ಎಂದು ಹುಡುಕಿ, ಸವೆದ ವಯರ್ ಸರಿಪಡಿಸಿದರು. ನಿರಪರಾಧಿ ಥರ್ಮೋಸ್ಟಾಟ್ ಶಿಕ್ಷೆ ಅನುಭವಿಸಿತ್ತು.

ಆ ಹಿರಿಯರು ಹೇಳಿದ ಗುರುತುಗಳನ್ನು ನೀವೂ ನೆನಪಿಡಿ. ನಿಂತಾಗ ಮಾತ್ರ ಬಿಸಿಯಾದರೆ ಮೊದಲು ಫ್ಯಾನ್ ಮತ್ತು ಕೂಲೆಂಟಿನ ಮಟ್ಟ ನೋಡಬೇಕು. ಓಡುವಾಗಲೂ ಬೇಗನೆ ಬಿಸಿಯೇರಿ, ರೇಡಿಯೇಟರ್ ಮಾತ್ರ ತಣ್ಣಗಿದ್ದರೆ ಥರ್ಮೋಸ್ಟಾಟ್ ಮುಚ್ಚಿದಲ್ಲೇ ಸಿಕ್ಕಿಕೊಂಡಿರಬಹುದು. ಎಷ್ಟು ಓಡಿದರೂ ಇಂಜಿನ್ ಬಿಸಿಯೇರದಿದ್ದರೆ ಅದು ತೆರೆದಲ್ಲೇ ನಿಂತಿರಬಹುದು. ಸಂಶಯವಿದ್ದರೆ ಪರೀಕ್ಷೆ ಸುಲಭ. ಬಿಚ್ಚಿದ ಥರ್ಮೋಸ್ಟಾಟನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ನೀರಿನಲ್ಲಿ ಇಳಿಬಿಟ್ಟು ಒಲೆಯ ಮೇಲಿಡಬೇಕು. ನೀರು ಕುದಿಯುವ ಮೊದಲೇ ಅದು ಬಾಯಿ ತೆರೆಯಬೇಕು, ತಣ್ಣಗಾದಾಗ ಮುಚ್ಚಬೇಕು. ಹಾಗಾಗದಿದ್ದರೆ ಅದೇ ಬೈಕಿಗೆಂದು ತಯಾರಿಸಿದ ಹೊಸದನ್ನು ಹಾಕಿಸಬೇಕು. ಕಿತ್ತೆಸೆಯುವುದು ರಿಪೇರಿಯಲ್ಲ.

ಬದಲಾಯಿಸುವ ಕೆಲಸ ಇಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಆಗಬೇಕು. ಕೂಲೆಂಟನ್ನು ಬೇಸಿನ್‌ಗೆ ಇಳಿಸಿ, ಥರ್ಮೋಸ್ಟಾಟಿನ ಮುಚ್ಚಳದ ಬೋಲ್ಟ್ ಬಿಚ್ಚುತ್ತಾರೆ. ಹಳೆಯದು ಯಾವ ದಿಕ್ಕಿನಲ್ಲಿತ್ತೋ ಹೊಸದೂ ಅದೇ ದಿಕ್ಕಿನಲ್ಲಿ ಕೂರಬೇಕು. ಅದರಲ್ಲಿ ಗಾಳಿ ಹೋಗುವ ಸಣ್ಣ ತೂತಿದ್ದರೆ ಅದು ಮೇಲ್ಬದಿಗೆ ಬರಬೇಕು. ರಬ್ಬರ್ ರಿಂಗ್ ಕೂಡಾ ಹೊಸದಿರಲಿ. ಕೂಲೆಂಟ್ ತುಂಬಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಬಿಡದಿದ್ದರೆ ಹೊಸ ಥರ್ಮೋಸ್ಟಾಟ್ ಇದ್ದರೂ ಬೈಕ್ ಬಿಸಿಯಾಗುತ್ತದೆ. ಬೋರ್‌ವೆಲ್ ನೀರು ತುಂಬಲೇಬಾರದು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರ ರೇಡಿಯೇಟರಿನೊಳಗೂ ಕಟ್ಟುತ್ತದೆ.

ಇನ್ನು ನಮಗೆ, ತಾಯಂದಿರಿಗೆ ಸೇರಿದ ಮೂರು ಮಾತು.

ಒಂದು, ಬಿಸಿ ಇಂಜಿನಿನ ರೇಡಿಯೇಟರ್ ಮುಚ್ಚಳವೆಂದರೆ ಹಬೆ ತುಂಬಿದ ಪ್ರೆಶರ್ ಕುಕ್ಕರ್. ಒತ್ತಡದಲ್ಲಿ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕಾದಿರುತ್ತದೆ. ಮುಚ್ಚಳ ತೆಗೆದ ಕ್ಷಣವೇ ಉಕ್ಕಿ ಚಿಮ್ಮುತ್ತದೆ. ಕುಕ್ಕರಿನ ಮುಚ್ಚಳವನ್ನು ಕೂಡಲೇ ತೆರೆಯಬಾರದೆಂದು ಮಗಳಿಗೆ ಕಲಿಸಿದ ನಾವು ಮಗನಿಗೂ ಇದನ್ನು ಕಲಿಸೋಣ.

ಎರಡು, ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಬೆಣ್ಣೆ, ಮಂಜುಗಡ್ಡೆ ಯಾವುದೂ ಬೇಡ. 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿದು, ಸ್ವಚ್ಛ ಬಟ್ಟೆ ಮುಚ್ಚಿ ವೈದ್ಯರ ಬಳಿ ಹೋಗಬೇಕು.

ಮೂರು, ಕೂಲೆಂಟ್ ವಿಷ, ಆದರೆ ರುಚಿ ಸಿಹಿ. ಬೇಸಿನ್‌ನಲ್ಲಿ ಬಿಟ್ಟರೆ ಪುಟ್ಟ ಮಕ್ಕಳೋ ಬೆಕ್ಕೋ ಕುಡಿದು ಪ್ರಾಣಕ್ಕೆ ಅಪಾಯವಾದೀತು. ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ ಮಹಿಳೆಯ ಕುರಿತು ಪ್ರವಾದಿ(ಸ)ರು ನೀಡಿದ ಎಚ್ಚರಿಕೆ ನಮಗೆ ಗೊತ್ತಿರುವುದೇ. ಥರ್ಮೋಸ್ಟಾಟ್ ಪರೀಕ್ಷಿಸಿದ ಪಾತ್ರೆಯೂ ಮರಳಿ ಅಡುಗೆಗೆ ಬರಬಾರದು.

ಸಹೋದರಿಯರೇ, ಗ್ಯಾರೇಜಿನಿಂದ ಮರಳುವಾಗ ಆ ತಾಯಿ ಹೇಳಿದರು: "ದೀಪ ಉರಿಯುವುದು ನಿಂತಿತಲ್ಲ ಎಂದು ನಾನೂ ಸಮಾಧಾನಪಟ್ಟಿದ್ದೆ ಟೀಚರ್. ಯಾಕೆ ಉರಿಯುತ್ತಿತ್ತು ಎಂದು ಯಾರೂ ಕೇಳಲಿಲ್ಲ." ಈ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಮನೆಯಲ್ಲೂ ನಾವು ಹೀಗೆ ಮಾಡುವುದುಂಟು. ಮಗ ಮುನಿಸಿಕೊಂಡರೆ ಕಾರಣ ಕೇಳುವ ಬದಲು, ಅವನಿಗೆ ಹಾಕಿದ್ದ ಕಟ್ಟುಪಾಡನ್ನೇ ತೆಗೆದುಬಿಡುತ್ತೇವೆ. ಸ್ವಲ್ಪ ದಿನ ಮನೆ ತಣ್ಣಗಿರುತ್ತದೆ. ಮೂಲ ಕಾರಣ ಒಳಗೇ ಉಳಿದಿರುತ್ತದೆ. ಹಾಗೆಂದು ಯಾವಾಗಲೂ ಮುಚ್ಚಿಯೇ ಇರುವ ಬಾಗಿಲೂ ಒಳ್ಳೆಯದಲ್ಲ. ಹೊತ್ತು ಅರಿತು ತೆರೆಯಬೇಕು, ಹೊತ್ತು ಅರಿತು ತಡೆಯಬೇಕು.

ಚಳಿಗೆ ನಡುಗಿಸಿ, ಸೆಕೆಗೆ ಬೆವರಿಸಿ ನಮ್ಮ ದೇಹವನ್ನು 37 ಡಿಗ್ರಿಯ ಆಸುಪಾಸಿನಲ್ಲಿ ಕಾಯುವ ಏರ್ಪಾಡನ್ನು ಅಲ್ಲಾಹನು ನಮ್ಮೊಳಗೇ ಇಟ್ಟಿದ್ದಾನೆ. ಸೂರಃ ಅರ್ರಹ್ಮಾನ್‌ನಲ್ಲಿ ಆಕಾಶದ ಜೊತೆಗೇ ತಕ್ಕಡಿಯನ್ನೂ ನೆನಪಿಸಿದ ಆ ಒಡೆಯನು ನಮ್ಮ ಮನೆಗಳಿಗೂ ಆ ಸಮತೋಲನವನ್ನು ಕರುಣಿಸಲಿ. ನಮ್ಮ ಮಕ್ಕಳನ್ನು ರಸ್ತೆಯಲ್ಲಿ ಕಾಪಾಡಲಿ. ಆಮೀನ್.

ಇಂದು ಸಂಜೆ ಮಗ ಬಂದಾಗ ಒಂದು ಮಾತು ಕೇಳಿ: "ಬೈಕಿನ ಫ್ಯಾನ್ ತಿರುಗುತ್ತಿದೆಯಾ ಮೋನೇ?"