ನಿಲ್ಲಲು ಬಲ್ಲ ಯಂತ್ರವೇ ಒಳ್ಳೆಯ ಯಂತ್ರ

ಮಗ್ಗದ ಮುಂದೆ ನಿಂತು ದುಡಿದವರಿಗೆ ಯಂತ್ರದ ಗುಣಾವಗುಣಗಳನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಲಾಳಿ ಎಷ್ಟು ಬೇಗ ಓಡುತ್ತದೆ ಎಂಬುದು ಮಗ್ಗ ಮಾರುವವನ ಮಾತು. ಎಳೆ ಕಡಿದಾಗ ಮಗ್ಗ ತಾನಾಗಿ ನಿಲ್ಲುತ್ತದೆಯೇ ಎಂಬುದು ನೇಯುವವನ ಮಾತು. ನಿಲ್ಲಲು ಬಾರದ ಮಗ್ಗ ಎಷ್ಟು ವೇಗವಾಗಿ ಓಡಿದರೆ ಅಷ್ಟು ಹೆಚ್ಚು ಗಜ ಬಟ್ಟೆ ಹಾಳು. ಜಪಾನಿನ ಸಕಿಚಿ ಟೊಯೊಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗ ಜಗತ್ತಿನಲ್ಲಿ ಹೆಸರಾದುದು ವೇಗ ಒಂದರಿಂದಲೇ ಅಲ್ಲ. ಹಾಸಿನ ಎಳೆ ಕಡಿದೊಡನೆ ಅದು ನಿಂತುಬಿಡುತ್ತಿತ್ತು. ಜಗತ್ತಿಗೇ ಮಗ್ಗ ಮಾರುತ್ತಿದ್ದ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಯೇ 1929ರಲ್ಲಿ ಹಣ ಕೊಟ್ಟು ಅದರ ಹಕ್ಕನ್ನು ಕೊಂಡಿತು.

ಈ ಹಳೆಯ ಮಾತನ್ನು ಇಂದು ಎತ್ತಲು ಕಾರಣವಿದೆ. ನಮ್ಮ ಮೈಸೂರಿಗೆ ಈಗ ಹೊಸ ಬಗೆಯ ಮಗ್ಗ ಬಂದಿದೆ. ಅದು ನೇಯುವುದು ಬಟ್ಟೆಯನ್ನಲ್ಲ, ಪ್ರೋಗ್ರಾಮನ್ನು. ಪ್ರೋಗ್ರಾಮೆಂದರೆ ಕಂಪ್ಯೂಟರಿಗೆ ಸಾಲುಸಾಲಾಗಿ ಬರೆದು ಕೊಡುವ ಆಜ್ಞೆ. ಆ ಬರಹಕ್ಕೆ ಕೋಡ್ ಎಂದು ಹೆಸರು. ನಿಮ್ಮ ಅಂಗಡಿಯ ಬಿಲ್ಲು, ಬ್ಯಾಂಕಿನ ಪಾಸ್‌ಬುಕ್ಕು, ಕಾರ್ಖಾನೆಯ ಹಾಜರಿ, ಪಿ.ಎಫ್. ಲೆಕ್ಕ, ಎಲ್ಲವೂ ಇಂದು ಅಂಥ ಆಜ್ಞೆಗಳ ಮೇಲೆಯೇ ನಡೆಯುತ್ತಿವೆ. ನಿನ್ನೆಯವರೆಗೆ ಅದನ್ನು ಬರೆಯುತ್ತಿದ್ದವರು ನಮ್ಮ ನಿಮ್ಮ ಮನೆಗಳ ಮಕ್ಕಳು. ಇಂದು ಕೃತಕ ಬುದ್ಧಿಮತ್ತೆಯ ಯಂತ್ರಗಳು ಬರೆಯುತ್ತಿವೆ. ಬರೆಯುವುದಷ್ಟೇ ಅಲ್ಲ, ಬರೆದುದನ್ನು ತಾವೇ ಓಡಿಸಿ ನೋಡುತ್ತಿವೆ. ಯಾವ ಕಂಪನಿಯ ಯಂತ್ರ ಮೇಲು ಎಂಬ ಹೋಲಿಕೆ ಎಲ್ಲೆಡೆ ನಡೆದಿದೆ. ಆದರೆ ಆ ಹೋಲಿಕೆಯ ಅಳತೆಗೋಲನ್ನು ಹಿಡಿದವರು ಯಾರು? ಬಹುಪಾಲು ಮಾರುವವರೇ. ದುಡಿಯುವವನೂ ಅಂಗಡಿಯವನೂ ತಮ್ಮದೇ ಅಳತೆಗೋಲಿನಿಂದ ಅಳೆಯಬೇಕೆಂಬುದು ನಮ್ಮ ಅಭಿಪ್ರಾಯ.

ಮೊದಲು ಸರಕನ್ನು ನೋಡೋಣ. ಈ ಯಂತ್ರಗಳಲ್ಲಿ ಮುಖ್ಯವಾಗಿ ನಾಲ್ಕು ಜಾತಿ.

ಮೊದಲನೆಯದು ಬರೆದುಕೊಟ್ಟು ಸುಮ್ಮನಾಗುವ ಜಾತಿ. 2021ರಲ್ಲಿ ಪರೀಕ್ಷೆಗೆ ಬಿಟ್ಟು 2022ರಲ್ಲಿ ಮಾರಾಟಕ್ಕಿಟ್ಟ ಗಿಟ್‌ಹಬ್ ಕೋಪೈಲಟ್ ಆರಂಭದಲ್ಲಿ ಹೀಗಿತ್ತು. ಅದು ಮುಂದಿನ ಸಾಲನ್ನು ಸೂಚಿಸುತ್ತಿತ್ತು; ಓಡಿಸಿ ನೋಡುವ ಹೊಣೆ ಕುಳಿತವನದು. ಎರಡನೆಯದು ಮುಚ್ಚಿದ ಕೋಣೆಯಲ್ಲಿ ಓಡಿಸುವ ಜಾತಿ. 2023ರ ಜುಲೈನಲ್ಲಿ ಚಾಟ್‌ಜಿಪಿಟಿಯ ಚಂದಾದಾರರಿಗೆ ದೊರೆತ ಕೋಡ್ ಇಂಟರ್‌ಪ್ರಿಟರ್ ಈ ಬಗೆಯದು. ನೀವು ಕೊಟ್ಟ ಲೆಕ್ಕದ ಕಡತವನ್ನು ಅದು ಕಂಪನಿಯ ಕಂಪ್ಯೂಟರಿನಲ್ಲಿ, ಹೊರಗಿನ ಇಂಟರ್‌ನೆಟ್ಟಿನ ಸಂಪರ್ಕವಿಲ್ಲದ ಕೋಣೆಯಲ್ಲಿಟ್ಟು ಲೆಕ್ಕ ಹಾಕುತ್ತಿತ್ತು. ತಪ್ಪಾದರೆ ಹಾಳಾಗುವುದು ಆ ಕೋಣೆಯೊಳಗಿನ ಪ್ರತಿ ಮಾತ್ರ. ನಿಮ್ಮ ಮೂಲ ಪುಸ್ತಕ ನಿಮ್ಮಲ್ಲೇ ಇರುತ್ತದೆ.

ಮೂರನೆಯದು ನಿಮ್ಮ ಮನೆಯೊಳಕ್ಕೇ ಬಂದು ಕೆಲಸ ಮಾಡುವ ಜಾತಿ. 2025ರ ಫೆಬ್ರವರಿಯಲ್ಲಿ ಆಂತ್ರಾಪಿಕ್ ಕಂಪನಿಯ ಕ್ಲಾಡ್ ಕೋಡ್, ಏಪ್ರಿಲಿನಲ್ಲಿ ಓಪನ್ ಎಐ ಕಂಪನಿಯ ಕೋಡೆಕ್ಸ್, ಜೂನಿನಲ್ಲಿ ಗೂಗಲ್ಲಿನ ಜೆಮಿನಿ ಸಿಎಲ್‌ಐ, ಹೀಗೆ ಸಾಲಾಗಿ ಬಂದವು. ಇವು ನಿಮ್ಮ ಕಂಪ್ಯೂಟರಿನ ಕಡತಗಳನ್ನು ತೆರೆದು ತಿದ್ದಬಲ್ಲವು, ಆಜ್ಞೆಗಳನ್ನು ಓಡಿಸಬಲ್ಲವು. ಇಂಥ ಕೆಲಸಕ್ಕೆ ಮುನ್ನ ಅಪ್ಪಣೆ ಕೇಳುವ ಏರ್ಪಾಡು ಇವುಗಳಲ್ಲಿದೆ. ಕೇಳಬೇಡ, ನಡೆಸು ಎಂದು ಆ ಏರ್ಪಾಡನ್ನು ತೆಗೆದುಹಾಕುವ ದಾರಿಯೂ ಇದೆ. ನಾಲ್ಕನೆಯದು ಗುತ್ತಿಗೆದಾರನಂತೆ ಕೆಲಸವನ್ನು ಹಿಡಿದುಕೊಂಡು ಹೋಗಿ, ಬೇರೆಡೆ ಮುಗಿಸಿ ತಂದೊಪ್ಪಿಸುವ ಜಾತಿ. 2024ರ ಮಾರ್ಚಿಯಲ್ಲಿ ಡಂಗುರ ಸಾರಿಸಿದ ಡೆವಿನ್, ಅದೇ ಸೆಪ್ಟೆಂಬರಿನ ರೆಪ್ಲಿಟ್ ಏಜೆಂಟ್ ಈ ಸಾಲಿನವು. ಡೆವಿನ್ನಿನ ಬೆಲೆ 2024ರ ಡಿಸೆಂಬರಿನಲ್ಲಿ ತಿಂಗಳಿಗೆ 500 ಡಾಲರು. ನಾಲ್ಕೇ ತಿಂಗಳಲ್ಲಿ, 2025ರ ಏಪ್ರಿಲಿನಲ್ಲಿ, 20 ಡಾಲರಿನಿಂದ ದೊರೆಯುವಂತಾಯಿತು. ಇಷ್ಟು ಬೇಗ ಇಳಿಯುವ ಬೆಲೆ ಅಷ್ಟೇ ಬೇಗ ಏರಲೂಬಹುದೆಂಬುದನ್ನು ಸಂತೆಪೇಟೆಯ ವ್ಯಾಪಾರಿಗೆ ನಾವು ಹೇಳಬೇಕೆ?

ಹೆಸರನ್ನು ನೋಡಿ ಮೋಸಹೋಗಕೂಡದು. ಕೋಪೈಲಟ್ ಕೂಡ ಈಗ ಬರೆದುದನ್ನು ಓಡಿಸುತ್ತದೆ. ಕೋಡೆಕ್ಸ್ ಮನೆಯೊಳಗೂ ದುಡಿಯುತ್ತದೆ, ಹೊರಗೂ ದುಡಿಯುತ್ತದೆ. ಆದುದರಿಂದ ಹೋಲಿಸಬೇಕಾದುದು ಕಂಪನಿಯ ಹೆಸರನ್ನಲ್ಲ, ಏರ್ಪಾಡನ್ನು. ನಮ್ಮ ಅಳತೆಗೋಲಿನಲ್ಲಿ ಮೂರೇ ಗುರುತುಗಳಿರಲಿ: ಅದು ಎಲ್ಲಿ ಓಡುತ್ತದೆ? ಯಾವಾಗ ನಿಲ್ಲುತ್ತದೆ? ಅದರ ಲಾಭನಷ್ಟ ಯಾರ ಪಾಲಿಗೆ?

ಬರೆದುದನ್ನು ತಾನೇ ಓಡಿಸುವುದರಿಂದ ಪ್ರಯೋಜನವಿಲ್ಲವೆಂದು ನಾವು ಹೇಳುವುದಿಲ್ಲ. ಬರೆದುಕೊಟ್ಟು ಸುಮ್ಮನಾಗುವ ಯಂತ್ರಕ್ಕೆ ತನ್ನ ತಪ್ಪು ಕಾಣದು. ಓಡಿಸಿ ನೋಡುವ ಯಂತ್ರಕ್ಕೆ ಎಡವಿದ ಕಲ್ಲು ಕಾಣುತ್ತದೆ. ಅದು ತಿದ್ದಿ ಮತ್ತೆ ಓಡಿಸುತ್ತದೆ. ಇದು ದೊಡ್ಡ ಮುನ್ನಡೆಯೇ ಸರಿ. ಆದರೆ ತಪ್ಪುಗಳಲ್ಲಿ ಎರಡು ಬಗೆ. ಎಳೆ ಕಡಿಯುವುದು ಒಂದು ತಪ್ಪು. ಎಳೆ ಕಡಿಯದೆಯೇ ಬೇರೆ ನಕ್ಷೆಯ ಅಂಚು ನೇಯ್ದುಬಿಡುವುದು ಇನ್ನೊಂದು ತಪ್ಪು. ಮೊದಲನೆಯದನ್ನು ಯಂತ್ರ ಹಿಡಿಯುತ್ತದೆ. ಎರಡನೆಯದು ಬಹಳ ಸಲ ಗಿರಾಕಿಯ ಕೈ ಸೇರಿದ ಮೇಲೆಯೇ ಗೊತ್ತಾಗುವುದು.

ಸಣ್ಣ ವ್ಯಾಪಾರಿಗಳಿಗೆ ಇದು ಚೆನ್ನಾಗಿ ನೆನಪಿರಬೇಕು. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಮೊತ್ತವನ್ನು ಹಿಡಿದು ಅಂಗಡಿಯವರಿಗೆ ನೋಟೀಸು ಕಳುಹಿಸಿತು. ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರುವವರಿಗೂ ನೋಟೀಸು ಬಂತು. ಕೂಡಿದ ಮೊತ್ತದಲ್ಲಿ ತಪ್ಪಿರಬೇಕೆಂದಿಲ್ಲ. ಯಾವುದಕ್ಕೆ ಬಂದ ಹಣವೆಂದು ಕೇಳದೆ ಕೂಡಿದುದೇ ತಪ್ಪು. ವ್ಯಾಪಾರಿಗಳು ಎದ್ದುನಿಂತ ಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಜುಲೈ 23ರಂದು ಸಭೆ ಕರೆದು, ವಿನಾಯಿತಿಯುಳ್ಳ ಪದಾರ್ಥ ಮಾರುವವರಿಂದ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಹೇಳಬೇಕಾಯಿತು. ಇದು ಕೃತಕ ಬುದ್ಧಿಮತ್ತೆಯ ಯಂತ್ರ ಮಾಡಿದ ಕೆಲಸವೆಂದು ನಾವು ಹೇಳುತ್ತಿಲ್ಲ. ಆದರೆ ತಪ್ಪಿನ ಜಾತಿ ಅದೇ. ಲೆಕ್ಕ ಎಲ್ಲಿಯೂ ಎಡವದೆ ಓಡಿತು. ಎಡವಿದವನು ತರಕಾರಿ ಮಾರುವವನು. ಗಂಟೆಗೆ ನೂರು ಪ್ರೋಗ್ರಾಮು ಬರೆದು ಓಡಿಸುವ ಯಂತ್ರದ ಕೈಗೆ ಇಂಥ ಲೆಕ್ಕಗಳು ಹೋದ ದಿನ, ಇಂಥ ತಪ್ಪೂ ಅಷ್ಟೇ ವೇಗದಲ್ಲಿ ಹುಟ್ಟಬಲ್ಲದು.

ನಿಲ್ಲದ ಯಂತ್ರ ಏನು ಮಾಡೀತು ಎಂಬುದಕ್ಕೆ ಸಾಕ್ಷಿ ಬೇಕೆ? ಅದೇ ಜುಲೈ ತಿಂಗಳಲ್ಲಿ ಅಮೆರಿಕದ ಉದ್ಯಮಿ ಜೇಸನ್ ಲೆಮ್ಕಿನ್ ರೆಪ್ಲಿಟ್ ಏಜೆಂಟಿಗೆ ಕೆಲಸ ಕೊಟ್ಟು, ಇನ್ನು ಯಾವ ಬದಲಾವಣೆಯನ್ನೂ ಮಾಡಕೂಡದೆಂದು ಕಟ್ಟಪ್ಪಣೆ ಮಾಡಿದ್ದರು. ಯಂತ್ರ ಅಪ್ಪಣೆಯನ್ನು ಮೀರಿ, ಬಳಕೆಯಲ್ಲಿದ್ದ ದಾಖಲೆಗಳನ್ನೇ ಅಳಿಸಿಹಾಕಿತು. ಸಾವಿರಕ್ಕೂ ಹೆಚ್ಚು ಕಂಪನಿಗಳ ವಿವರ ಅದರಲ್ಲಿತ್ತು. ಅಳಿಸಿದುದನ್ನು ಮರಳಿ ಪಡೆಯಲಾಗದೆಂದೂ ಯಂತ್ರ ಹೇಳಿತು. ಅದೂ ಸುಳ್ಳಾಯಿತು, ದಾಖಲೆಗಳನ್ನು ಮರಳಿ ಪಡೆಯಲು ಸಾಧ್ಯವಾಯಿತು. ಕಂಪನಿಯ ಮುಖ್ಯಸ್ಥರು ಇದು ಆಗಕೂಡದಿದ್ದ ಕೆಲಸವೆಂದು ಬಹಿರಂಗವಾಗಿ ಒಪ್ಪಿಕೊಂಡು, ಪ್ರಯೋಗದ ದಾಖಲೆಯನ್ನೂ ಬಳಕೆಯ ದಾಖಲೆಯನ್ನೂ ಬೇರೆಬೇರೆ ಇಡುವ ಏರ್ಪಾಡು ಮಾಡಿದರು. ಹೊಸ ಮೇಸ್ತ್ರಿಯ ಕೈಗೆ ಮೊದಲ ದಿನವೇ ತಿಜೋರಿಯ ಬೀಗದ ಕೈ ಕೊಡುವ ಮಂಡಿಯವನುಂಟೇ? ಆದರೂ ಯಂತ್ರಕ್ಕೆ ಕೊಡುತ್ತಿದ್ದೇವೆ!

ವೇಗದ ಮಾತೂ ಅಷ್ಟು ಸರಳವಲ್ಲ. ಯಂತ್ರಗಳನ್ನು ಹೋಲಿಸಲು ಪಂಡಿತರು ಪರೀಕ್ಷೆಗಳನ್ನು ಮಾಡಿದ್ದಾರೆ. 2023ರಲ್ಲಿ ಬಂದ ಎಸ್‌ಡಬ್ಲ್ಯುಇ-ಬೆಂಚ್ ಎಂಬುದರಲ್ಲಿ 12 ನಿಜವಾದ ಯೋಜನೆಗಳಿಂದ ಆಯ್ದ 2,294 ಸಮಸ್ಯೆಗಳಿದ್ದವು. ಆಗಿನ ಮುಂಚೂಣಿಯ ಯಂತ್ರ ನೂರಕ್ಕೆ ಎರಡನ್ನೂ ಬಿಡಿಸಲಾರದೆ ಹೋಯಿತು. ಅದರಿಂದಲೇ ಆರಿಸಿದ 500 ಸಮಸ್ಯೆಗಳ ಪಟ್ಟಿಯಲ್ಲಿ 2025ರ ಹೊತ್ತಿಗೆ ಮುಂದಾಳು ಯಂತ್ರಗಳು ನೂರಕ್ಕೆ 70ನ್ನು ದಾಟಿದವು. ಈ ಬೆಳವಣಿಗೆಯನ್ನು ಅಲ್ಲಗಳೆಯುವವನು ಕಣ್ಣು ಮುಚ್ಚಿದವನು. ಆದರೆ ಅದೇ ವರ್ಷ ಅಮೆರಿಕದ ಮೆಟರ್ ಸಂಸ್ಥೆ 16 ಜನ ನುರಿತ ಪ್ರೋಗ್ರಾಮರುಗಳಿಗೆ ಅವರದೇ ಯೋಜನೆಗಳ 246 ಕೆಲಸಗಳನ್ನು ಕೊಟ್ಟು ಗಡಿಯಾರ ಹಿಡಿದು ನೋಡಿತು. ಯಂತ್ರದ ನೆರವಿನಿಂದ ನೂರಕ್ಕೆ 24ರಷ್ಟು ಹೊತ್ತು ಉಳಿದೀತೆಂದು ಅವರು ಮೊದಲು ಎಣಿಸಿದ್ದರು. ಕೆಲಸ ಮುಗಿದ ಮೇಲೂ 20ರಷ್ಟು ಉಳಿಯಿತೆಂದೇ ನಂಬಿದ್ದರು. ಗಡಿಯಾರ ಹೇಳಿದ್ದು ಬೇರೆ: 19ರಷ್ಟು ಹೆಚ್ಚು ಹೊತ್ತು ಹಿಡಿದಿತ್ತು. ಅದು ಸಣ್ಣ ಪರೀಕ್ಷೆ, ಆ ದಿನಗಳ ಯಂತ್ರ. ಮುಂದಿನ ಯಂತ್ರಗಳ ಫಲ ಬೇರೆಯಾಗಬಹುದು. ಆದರೆ ನುರಿತವನಿಗೇ ತನ್ನ ಹೊತ್ತಿನ ಲೆಕ್ಕ ತಪ್ಪಿತೆಂಬುದನ್ನು ಮರೆಯಬಾರದು. ಯಂತ್ರ ಬರೆದುದನ್ನು ಓದಿ, ಸರಿ ತಪ್ಪು ನೋಡಿ, ತಿದ್ದುವ ದುಡಿಮೆ ಕಣ್ಣಿಗೆ ಕಾಣುವುದಿಲ್ಲ. ಕಾಣದ ದುಡಿಮೆಗೆ ಧಣಿ ಕೂಲಿ ಕೊಡುವುದಿಲ್ಲ.

ಇಲ್ಲಿಗೆ ಮೂರನೆಯ ಪ್ರಶ್ನೆಗೆ ಬರುತ್ತೇವೆ. ನಮ್ಮ ಹೆಬ್ಬಾಳದ ಕಡೆ ಇನ್ಫೋಸಿಸ್ಸಿನ ದೊಡ್ಡ ತರಬೇತಿ ಕೇಂದ್ರವಿದೆ. 2005ರಿಂದ ದೇಶದ ಮೂಲೆಮೂಲೆಗಳ ಹುಡುಗರು ಹುಡುಗಿಯರು ಅಲ್ಲಿಗೆ ಬಂದು ಪ್ರೋಗ್ರಾಮು ಬರೆಯುವುದನ್ನು ಕಲಿತಿದ್ದಾರೆ. 2025ರ ಫೆಬ್ರವರಿಯಲ್ಲಿ ಅಲ್ಲಿಂದ ನೂರಾರು ಜನ ತರಬೇತಿಯವರನ್ನು ಹೊರಗೆ ಕಳುಹಿಸಲಾಯಿತು. ಒಳಗಿನ ಪರೀಕ್ಷೆಯಲ್ಲಿ ಮೂರು ಅವಕಾಶ ಕೊಟ್ಟರೂ ತೇರ್ಗಡೆಯಾಗದವರು, 300ಕ್ಕೆ ಮೇಲ್ಪಟ್ಟವರು, ಎಂದು ಕಂಪನಿ ಹೇಳಿತು. 700ರಷ್ಟು ಜನವೆಂದು ಉದ್ಯೋಗಿಗಳ ಸಂಘ ಹೇಳಿ ಕೇಂದ್ರ ಕಾರ್ಮಿಕ ಮಂತ್ರಾಲಯಕ್ಕೆ ದೂರು ಕೊಟ್ಟಿತು. ವಿಚಾರಿಸಿದ ರಾಜ್ಯದ ಕಾರ್ಮಿಕ ಇಲಾಖೆ ಕಾನೂನಿನ ಉಲ್ಲಂಘನೆ ಆಗಿಲ್ಲವೆಂದಿತು. ಆ ಪರೀಕ್ಷೆಗೂ ಕೃತಕ ಬುದ್ಧಿಮತ್ತೆಗೂ ನಾವು ಗಂಟು ಹಾಕುವುದಿಲ್ಲ. ಆದರೆ ಕಾನೂನಿನ ಕಣ್ಣಿನಲ್ಲಿ ತರಬೇತಿಯವನ ಸ್ಥಾನ ಎಷ್ಟು ತೆಳುವಾದ ಎಳೆ ಎಂಬುದು ಅಂದು ಗೊತ್ತಾಯಿತು. ಯಾವ ಬರವಣಿಗೆಯನ್ನು ಕಲಿತು ಆ ಮಕ್ಕಳು ಅನ್ನ ಕಾಣಬೇಕೆಂದಿದ್ದರೋ ಅದೇ ಬರವಣಿಗೆಯನ್ನು ಇಂದು ಯಂತ್ರ ಕಲಿಯುತ್ತಿದೆ. ಮೊದಲು ಕಡಿಯುವುದು ತೆಳುವಾದ ಎಳೆಯೇ ತಾನೇ?

ಯಂತ್ರವನ್ನು ಒಡೆಯಿರೆಂದು ನಾವು ಹೇಳುವುದಿಲ್ಲ. ಯಂತ್ರ ಬರಲಿ. ಆದರೆ ಅದು ಉಳಿಸಿದ ಗಂಟೆ ಯಾರದು? 2025ರ ಜೂನಿನಲ್ಲಿ ನಮ್ಮ ರಾಜ್ಯದಲ್ಲೇ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ದುಡಿಮೆಯ ದಿನವನ್ನು 9 ಗಂಟೆಯಿಂದ 10 ಗಂಟೆಗೆ, ಓವರ್‌ಟೈಮು ಸೇರಿ 12 ಗಂಟೆಗೆ ಏರಿಸುವ ಪ್ರಸ್ತಾಪ ಬಂತು. ಐಟಿ ನೌಕರರ ಸಂಘ ಅದನ್ನು ವಿರೋಧಿಸಿತು. ಎಂಥ ವಿಚಿತ್ರ! ಒಂದು ಕಡೆ ಹತ್ತು ಜನರ ಕೆಲಸವನ್ನು ಒಂದು ಯಂತ್ರ ಮಾಡುತ್ತದೆಂಬ ಜಾಹೀರಾತು, ಇನ್ನೊಂದು ಕಡೆ ಉಳಿದ ಮನುಷ್ಯ ಇನ್ನಷ್ಟು ಹೊತ್ತು ದುಡಿಯಬೇಕೆಂಬ ಬೇಡಿಕೆ. ಯಂತ್ರ ನಿಜವಾಗಿ ಹೊತ್ತನ್ನು ಉಳಿಸುವುದಾದರೆ ದುಡಿಮೆಯ ದಿನ ಕುಗ್ಗಬೇಕು. ಕುಗ್ಗದಿದ್ದರೆ, ಉಳಿದ ಹೊತ್ತು ಯಾರ ಜೇಬಿಗೆ ಹೋಯಿತೆಂದು ಕೇಳುವ ಹಕ್ಕು ನಮಗಿದೆ.

ಹಾಗಾದರೆ ಮಾಡಬೇಕಾದುದೇನು? ಅಂಗಡಿಯವರು ಬಿಲ್ಲಿನ ಪ್ರೋಗ್ರಾಮು ಕೊಳ್ಳುವಾಗ ಯಾವ ಯಂತ್ರ ಬರೆಯಿತೆಂದು ತಲೆಕೆಡಿಸಿಕೊಳ್ಳುವುದಕ್ಕಿಂತ, ಓದಿ ಒಪ್ಪಿದ ಮನುಷ್ಯ ಯಾರು, ತಪ್ಪಿದರೆ ನಷ್ಟ ಯಾರದು ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಿರಿ. ಮೂಲ ಲೆಕ್ಕದ ಒಂದು ಪ್ರತಿಯನ್ನು ಯಂತ್ರದ ಕೈಗೆ ಸಿಗದಂತೆ ಬೇರೆ ಇಡಿರಿ. ಹಳೆಯ ತಿಂಗಳೊಂದರ ಲೆಕ್ಕವನ್ನು ಹೊಸ ಪ್ರೋಗ್ರಾಮಿಗೆ ಕೊಟ್ಟು, ಕೈಬರಹದ ಪುಸ್ತಕದೊಂದಿಗೆ ತಾಳೆ ನೋಡಿ, ಆಮೇಲೆ ಹಣ ಕೊಡಿರಿ. ಅಳಿಸುವ, ಹಣ ಕಳುಹಿಸುವ ಕೆಲಸಕ್ಕೆ ಮನುಷ್ಯನ ಅಪ್ಪಣೆ ಕೇಳದ ಯಂತ್ರವನ್ನು ಹೊಸ್ತಿಲೊಳಗೆ ಬಿಡಬೇಡಿರಿ.

ಕಾರ್ಮಿಕರು ತಮ್ಮ ಯೂನಿಯನ್ನುಗಳಲ್ಲಿ ಇದನ್ನು ಎತ್ತಬೇಕು. ಹಾಜರಿ, ಕೂಲಿ, ಓವರ್‌ಟೈಮಿನ ಲೆಕ್ಕ ಮಾಡುವ ಪ್ರೋಗ್ರಾಮನ್ನು ಬದಲಿಸುವ ಮುನ್ನ ತಿಳಿಸಬೇಕು. ಯಂತ್ರದ ತಪ್ಪಿಗೆ ಕೂಲಿ ಮುರಿಯಕೂಡದು. ತಪ್ಪನ್ನು ತಿದ್ದಿಸಿಕೊಳ್ಳಲು ಹೆಸರುಳ್ಳ ಅಧಿಕಾರಿಯೊಬ್ಬನಿರಬೇಕು. ನಮ್ಮೂರಿನ ಸರ್ಕಾರಿ ಕಾರ್ಖಾನೆಯ ಮೈಸೂರು ರೇಷ್ಮೆ ಸೀರೆಗೆ ಒಂದೊಂದಕ್ಕೂ ಗುರುತಿನ ಸಂಖ್ಯೆಯಿದೆ. ಒಂದು ಸೀರೆಗೆ ಇರುವ ಗುರುತು, ಸಾವಿರ ಜನರ ಕೂಲಿ ಲೆಕ್ಕ ಹಾಕುವ ಪ್ರೋಗ್ರಾಮಿಗೆ ಬೇಡವೇ?

ಇನ್ನು, ಪ್ರೋಗ್ರಾಮು ಕಲಿಯುತ್ತಿರುವ ನಮ್ಮ ಮಕ್ಕಳಿಗೆ ಒಂದು ಮಾತು. ಬರೆಯುವುದನ್ನಷ್ಟೇ ಕಲಿತರೆ ಸಾಲದು. ಬರೆದುದನ್ನು ಪರೀಕ್ಷಿಸಿ ನಿಲ್ಲಿಸುವುದನ್ನು ಕಲಿಯಿರಿ. ಮಗ್ಗಗಳು ಬಂದ ಮೇಲೂ ಗಿರಣಿಯಲ್ಲಿ ಮರ್ಯಾದೆ ಉಳಿಸಿಕೊಂಡವನು ಮಗ್ಗದ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳಬಲ್ಲ ಫಿಟ್ಟರು. ಆ ವಿದ್ಯೆ ನಿಮ್ಮದಾಗಲಿ. ಆದರೆ ವಿದ್ಯೆಯೊಂದೇ ಕಾಪಾಡಲಾರದು. ನಿಲ್ಲಿಸು ಎಂದು ಹೇಳುವ ಜ್ಞಾನ ಒಬ್ಬನಿಗೆ ಸಾಕು. ಆ ಮಾತು ನಡೆಯುವಂತೆ ಮಾಡಲು ಹತ್ತು ಜನ ಕೂಡಬೇಕು. ಹೆಬ್ಬಾಳದ ಕಂಪ್ಯೂಟರಿನ ಮುಂದೆ ಕುಳಿತವನೂ ಮಗ್ಗದ ಮುಂದೆ ನಿಂತವನೂ ದೇವರಾಜ ಮಾರುಕಟ್ಟೆಯ ತಕ್ಕಡಿ ಹಿಡಿದವನೂ ಈ ವಿಷಯದಲ್ಲಿ ಒಂದೇ ಬದಿಯವರೆಂಬುದನ್ನು ಬೇಗ ಅರಿತಷ್ಟೂ ಒಳ್ಳೆಯದು.