ಪರದೆಯ ಬಸವ, ಬಾಗಿಲ ಬಸವ

ಈ ಸಲ ಸಂಕ್ರಾಂತಿಗೆ ಎರಡು ದಿನ ಮುಂಚೆಯೇ ಬೆಂಗಳೂರಿನಿಂದ ಮಗ, ಮೊಮ್ಮಗಳು ಬಂದರು. ಮೊಮ್ಮಗಳಿಗೆ ಈಗ ಎಂಟನೇ ತರಗತಿ. ಅವಳ ಬ್ಯಾಗಿನಿಂದ ಮೊದಲು ಹೊರಗೆ ಬಂದದ್ದು ಬಟ್ಟೆಯಲ್ಲ, ಲ್ಯಾಪ್‌ಟಾಪು. ಸೋಮನಾಥಪುರದ ನಮ್ಮ ಮನೆಯಲ್ಲಿ ಫೋನಿನ ಸಿಗ್ನಲ್ಲು ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂದು ಪಡಸಾಲೆಯ ಕಂಬದಿಂದ ಕಂಬಕ್ಕೆ ಓಡಾಡಿ, ಕೊನೆಗೆ ಕಿಟಕಿಯ ಪಕ್ಕ ಕೂತಳು. ನಾನು ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಾ ಎದುರಿಗಿದ್ದೆ.

"ತಾತ, ಇಲ್ಲಿ ನೋಡು. ಇವಳೇ ನಾನು."

ಕನ್ನಡಕ ಏರಿಸಿ ನೋಡಿದೆ. ಎರಡೇ ಕಾಲಿನ ಮೇಲೆ ನೆಟ್ಟಗೆ ನಿಂತ ಹಸು! ತಲೆಗೆ ಕೊಂಬು, ಕಾಲಿಗೆ ಗೊರಸು, ಹಿಂದೆ ಬಾಲ, ಕೈಯಲ್ಲೊಂದು ಕೋಲು. ಸುತ್ತ ಹಸಿರು ಬಯಲು, ಅಲ್ಲಲ್ಲಿ ಡೇರೆ.

ಆಟದ ಹೆಸರು 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'. 2004ರಲ್ಲಿ ಶುರುವಾದದ್ದು. ಅವಳಪ್ಪನೂ ಕಾಲೇಜಿನ ದಿನಗಳಲ್ಲಿ ಆಡಿದ್ದನಂತೆ. ಈಗ ಅವನ ಖಾತೆಯಲ್ಲೇ, ಅವನು ಪಕ್ಕದಲ್ಲಿದ್ದಾಗ, ದಿನಕ್ಕೆ ಒಂದು ಗಂಟೆ ಇವಳ ಆಟ. ಊರಿನ ಹೆಸರು, ಶಾಲೆಯ ಹೆಸರು, ತನ್ನ ಹೆಸರು ಯಾರಿಗೂ ಹೇಳಕೂಡದು ಎಂಬ ಕಟ್ಟುನಿಟ್ಟು ಬೇರೆ. ಲೋಕದ ಬೇರೆಬೇರೆ ಮೂಲೆಗಳಲ್ಲಿ ಕೂತವರು ಒಂದೇ ಬಯಲಿನಲ್ಲಿ ಓಡಾಡುತ್ತಾರೆ ಎನ್ನುವುದೇ ನನಗೆ ಸೋಜಿಗ.

ಈ ಎತ್ತಿನ ಮುಖದವರಿಗೆ ಆಟದಲ್ಲಿ ಟಾರೆನ್ ಎಂದು ಹೆಸರು. ಅವರದು ಅಲೆಮಾರಿಗಳ ಕುಲ. ಕೋಡೊ ಎಂಬ ಭಾರಿ ಪ್ರಾಣಿಗಳ ಹಿಂಡನ್ನು ಬೇಟೆಯಾಡುತ್ತಾ ತಲೆತಲಾಂತರದಿಂದ ಬಯಲು ಸುತ್ತಿದವರು. ಅರ್ಧ ಕುದುರೆ, ಅರ್ಧ ಮನುಷ್ಯರಾದ ಸೆಂಟಾರ್‌ಗಳು ಅವರನ್ನು ಹೋದಲ್ಲೆಲ್ಲ ಅಟ್ಟಿಸಿಕೊಂಡು ಬಂದರು. ಕೊನೆಗೆ ಕೇರ್ನ್ ಎಂಬ ಮುದಿ ನಾಯಕ ತನ್ನ ಜನವನ್ನು ಮಲ್ಗೋರ್ ಎಂಬ ಹುಲ್ಲುಗಾವಲಿಗೆ ಕರೆತಂದು ನೆಲೆ ಮಾಡಿಸಿದ. ಭೂಮಿಯೇ ಅವರ ತಾಯಿ. ಡೇರೆ, ಕೆತ್ತನೆಯ ಕಂಬ ಇವೆಲ್ಲ ನೋಡಿದರೆ, ಆಟ ಮಾಡಿದವರು ಅಮೆರಿಕದ ಮೂಲನಿವಾಸಿಗಳಿಂದ ಬೇಕಾದಷ್ಟು ಎರವಲು ತಂದಿದ್ದಾರೆ ಎಂದು ಗೊತ್ತಾಗುತ್ತದೆ.

"ಬರೀ ಹೊಡೆದಾಟ ಅಲ್ಲ ತಾತ. ನಾವು ಪಾತ್ರ ಮಾಡ್ತೀವಿ" ಎಂದಳು. ಅವಳ ಗುಂಪಿನಲ್ಲಿ ಆರೇಳು ಜನ. ಓಡಬಹುದಾದರೂ ಓಡುವುದಿಲ್ಲ, ನಡೆಯುತ್ತಾರೆ. ಸಂಜೆಯಾದರೆ ಬೆಂಕಿಯ ಸುತ್ತ ಕೂತು ಕಥೆ ಹೇಳುತ್ತಾರೆ. ಮಾತೆಲ್ಲ ಅಕ್ಷರದಲ್ಲಿ, ಆದರೆ ಪಾತ್ರದ ಬಾಯಿಯಲ್ಲೇ. ಪರೀಕ್ಷೆ, ಟ್ರಾಫಿಕ್ಕು, ಪಿಜ್ಜಾ ಯಾವುದನ್ನೂ ಎತ್ತುವ ಹಾಗಿಲ್ಲ. ತೀರಾ ಅಗತ್ಯ ಬಿದ್ದರೆ ಆವರಣ ಚಿಹ್ನೆಯೊಳಗೆ ಬರೆಯಬೇಕು, 'ಅಮ್ಮ ಊಟಕ್ಕೆ ಕರೀತಿದ್ದಾರೆ' ಅಂತ.

ನನಗೆ ನಗು ಬಂತು. ನಮ್ಮ ಕಡೆ ಹಳ್ಳಿಹಳ್ಳಿಯಲ್ಲೂ 'ಕುರುಕ್ಷೇತ್ರ' ನಾಟಕ ಆಡುತ್ತಿದ್ದೆವಲ್ಲ, ಅಲ್ಲೂ ಇದೇ ನಿಯಮ. ನನ್ನ ಭೀಮನ ಗದೆ ಒಳಗೆ ಟೊಳ್ಳು, ಒಂದು ಕೆ.ಜಿ.ಯೂ ಇರಲಿಲ್ಲ. ನಾನು ಅದನ್ನು ಛತ್ರಿಯ ಹಾಗೆ ಬೀಸಿಕೊಂಡು ರಂಗಕ್ಕೆ ಬಂದರೆ ಹಾರ್ಮೋನಿಯಂ ಮೇಷ್ಟ್ರು ಬಾರಿಸುವುದನ್ನೇ ನಿಲ್ಲಿಸಿ ಬೈದಿದ್ದರು: "ಗದೆ ಭಾರ ಅಂತ ಮೊದಲು ನಿನ್ನ ಭುಜಕ್ಕೆ ಗೊತ್ತಾಗಬೇಕು ಕಣಯ್ಯ. ಆಮೇಲೆ ಜನಕ್ಕೆ ಗೊತ್ತಾಗ್ತದೆ." ಈ ಮಾತು ಹೇಳಿದಾಗ ಮೊಮ್ಮಗಳು, "ಹಾಗಾದ್ರೆ ನೀನೂ ಪಾತ್ರಧಾರಿ!" ಎಂದು ಕೈ ಕುಲುಕಿದಳು.

ಹಬ್ಬದ ಬೆಳಗ್ಗೆ ಕೇಶವ ದೇವಸ್ಥಾನಕ್ಕೆ ಹೋದೆವು. 13ನೇ ಶತಮಾನದಲ್ಲಿ ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ ಗುಡಿ. ಊರಿಗೂ ಅವನದೇ ಹೆಸರು. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಇದೂ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅವಳು ಎಷ್ಟೋ ಸಲ ನೋಡಿದ್ದಾಳೆ. ಈ ಸಲ ಮಾತ್ರ ಗೋಡೆಯನ್ನು ಬೇರೆ ಕಣ್ಣಿನಿಂದ ನೋಡಿದಳು. ರಾಮಾಯಣದ ಪಟ್ಟಿಯಲ್ಲಿ ವಾನರರು. ಮೇಲೆ ಸಿಂಹದ ಮುಖದ ನರಸಿಂಹ, ಹಂದಿಯ ಮುಖದ ವರಾಹ. ಕೆಳಗೆ ಹಲವು ಪ್ರಾಣಿಗಳನ್ನು ಬೆರೆಸಿ ಮಾಡಿದ ಮಕರ, ಬಾಲಕ್ಕೆ ನವಿಲಿನ ಗರಿ. "ತಾತ, ಇವರೂ ನಮ್ಮ ಥರಾನೇ!" ಎಂದಳು. ಪ್ರಾಣಿಯ ಮುಖ ಇಟ್ಟುಕೊಂಡು ಮನುಷ್ಯನ ಕಥೆ ಹೇಳುವುದು ನಮಗೆ ಹೊಸದಲ್ಲವಲ್ಲ.

ಸಂಜೆ ಊರಿನ ದನಗಳಿಗೆ ಕೊಂಬಿಗೆ ಬಣ್ಣ ಬಳಿದು ಕಿಚ್ಚು ಹಾಯಿಸಿದರು. ಅದನ್ನು ನೋಡಿ ಬಂದು ಅವಳು ತನ್ನ ಒಂದು ಗಂಟೆಗೆ ಕೂತಳು. ಅರ್ಧ ಗಂಟೆಯಾಗಿರಲಿಲ್ಲ, ಲ್ಯಾಪ್‌ಟಾಪು ಮುಚ್ಚಿ ಎದ್ದುಬಿಟ್ಟಳು. ಮುಖ ಕೆಂಪಗಾಗಿತ್ತು.

ಆದದ್ದು ಇಷ್ಟು. ಇವಳ ಗುಂಪು ನಡೆದೂ ನಡೆದೂ ಒಂದು ಪಾಳೆಯಕ್ಕೆ ಬಂದಿದೆ. ಅಲ್ಲಿ ಇನ್ನೊಂದು ಗುಂಪು ಓರ್ಕ್ ಎಂಬ ಹಸಿರು ಮೈಯವರ ಪಾತ್ರ ಮಾಡುತ್ತಿತ್ತು. ಇವರು ರಾತ್ರಿ ತಂಗಲು ಜಾಗ ಕೇಳಿದರೆ ಬಾಗಿಲ ಕಾವಲುಗಾರ ತಲೆ ಎತ್ತಿಯೂ ನೋಡದೆ, "ಮುಂದೆ ಹೋಗಿ, ಅಲೆಮಾರಿಗಳಿಗೆ ಇಲ್ಲಿ ಜಾಗ ಇಲ್ಲ" ಎಂದನಂತೆ.

"ಅವನೂ ಪಾತ್ರಾನೇ ಮಾಡ್ತಿದ್ದಾನೆ ಕಣವ್ವ, ಅದು ಆಟ" ಎಂದೆ.

"ಗೊತ್ತು ತಾತ. ಆದ್ರೆ ಯಾಕೆ ಬಂದ್ರಿ, ಎಲ್ಲಿಂದ ಬಂದ್ರಿ ಅಂತ ಒಂದು ಮಾತೂ ಕೇಳಲಿಲ್ಲ" ಎಂದಳು. ಊಟದಲ್ಲಿ ಸಿಹಿ ಪೊಂಗಲನ್ನೂ ಬಿಟ್ಟಳು.

ಮಾರನೆಯ ಬೆಳಗ್ಗೆ ನಾನು ಪೇಪರು ಓದುತ್ತಾ ಕೂತಿದ್ದೆ. ಬೀದಿಯಲ್ಲಿ ಡೋಲಿನ ಸದ್ದು, ಗೆಜ್ಜೆಯ ಸದ್ದು. ಅದು ನಮ್ಮ ಗೇಟಿನ ಮುಂದೆ ನಿಂತಿತು. ನಾನು ಪೇಪರಿನಿಂದ ತಲೆ ಎತ್ತದೆ ಕೂಗಿದೆ: "ಮುಂದಕ್ಕೆ ಹೋಗಪ್ಪ!"

ಸದ್ದು ಮುಂದಕ್ಕೆ ಹೋಯಿತು. ಪೇಪರು ಮಡಿಸಿ ನೋಡಿದರೆ ಮೊಮ್ಮಗಳು ಹಲ್ಲುಜ್ಜುವ ಬ್ರಷ್ಷು ಹಿಡಿದು ನನ್ನನ್ನೇ ನೋಡುತ್ತಿದ್ದಾಳೆ.

"ತಾತ, ಅದು ಯಾರು?"

"ಕೋಲೆ ಬಸವ."

"ನೀನು ನೋಡಲೇ ಇಲ್ಲವಲ್ಲ."

ಮಕ್ಕಳೇ, ಅರವತ್ತೆಂಟು ವರ್ಷದಲ್ಲಿ ನನ್ನನ್ನು ಬಹಳ ಜನ ಬೈದಿದ್ದಾರೆ. ಯಾವ ಬೈಗುಳವೂ ಇಷ್ಟು ನಾಟಿರಲಿಲ್ಲ. ಹಿಂದಿನ ರಾತ್ರಿ ಆ ಓರ್ಕ್ ಕಾವಲುಗಾರ ಟೈಪು ಮಾಡಿದ ಮಾತನ್ನೇ ನಾನು ಬಾಯಲ್ಲಿ ಹೇಳಿದ್ದೆ. ಅವನಿಗಾದರೂ ಪಾತ್ರದ ನೆಪವಿತ್ತು.

ಮೊರದಲ್ಲಿ ಅಕ್ಕಿ ತುಂಬಿಕೊಂಡು ಇಬ್ಬರೂ ಹೊರಟೆವು. ಬೀದಿಯ ಕೊನೆಯ ಅರಳಿಮರದ ಕೆಳಗೆ ಸಿಕ್ಕರು. ನಡುವಯಸ್ಸಿನ ಒಬ್ಬ, ಹತ್ತು ವರ್ಷದ ಅವನ ಮಗ, ಮತ್ತು ಬಸವ. ಬಸವನ ಮೈತುಂಬ ಬಣ್ಣಬಣ್ಣದ ಬಟ್ಟೆ, ಕೊಂಬಿಗೆ ಕುಚ್ಚು, ಕೊರಳಿಗೆ ಗಂಟೆ. ಜನ ಕೊಟ್ಟ ಹಳೆ ಸೀರೆಗಳನ್ನೇ ಸೇರಿಸಿ ಹೊಲಿದ ಹೊದಿಕೆ.

"ಬೇಜಾರು ಮಾಡ್ಕೋಬೇಡಪ್ಪ" ಎಂದೆ.

"ಅದಕ್ಕೇನು ಸ್ವಾಮಿ, ನಮಗೆ ಅಭ್ಯಾಸ" ಎಂದ. ಆ ಮಾತಿನಲ್ಲಿ ಕೋಪವಿದ್ದಿದ್ದರೆ ಎಷ್ಟೋ ವಾಸಿಯಿತ್ತು.

ಸಣ್ಣ ಓದುಗರಿಗೆ ಒಂದು ಮಾತು. ಕೋಲೆ ಬಸವನನ್ನು ಆಡಿಸುವವರು ಊರೂರು ಸುತ್ತುವ ಜನ. ಅವರಲ್ಲಿ ಹಲವರ ಮನೆಮಾತು ತೆಲುಗು. ಆಂಧ್ರ, ತೆಲಂಗಾಣಗಳಲ್ಲಿ ಈ ಎತ್ತಿಗೆ ಗಂಗಿರೆದ್ದು ಎನ್ನುತ್ತಾರೆ, ತಮಿಳುನಾಡಿನಲ್ಲಿ ಬೂಂ ಬೂಂ ಮಾಡು. ಸುಗ್ಗಿ ಮುಗಿದು ಮನೆಗೆ ಕಾಳು ಬಂದ ಮೇಲೆ ಬರುತ್ತಿದ್ದರು. ನನ್ನ ಬಾಲ್ಯದಲ್ಲಿ ಎತ್ತು ರಾಮ, ಹಸು ಸೀತೆ. ಇಬ್ಬರಿಗೂ ಬೀದಿಯಲ್ಲೇ ಮದುವೆ. ರಾಮ ಒಲ್ಲೆ ಎಂದು ತಲೆಯಾಡಿಸುವುದು, ಯಜಮಾನ ಪುಸಲಾಯಿಸುವುದು, ಕೊನೆಗೆ ಒಪ್ಪುವುದು. ಎತ್ತು ಯಜಮಾನನ ಎದೆಯ ಮೇಲೆ ಕಾಲಿಟ್ಟಾಗ ನಾವು ಉಸಿರು ಬಿಗಿಹಿಡಿಯುತ್ತಿದ್ದೆವು. ಹೇಳಿದ್ದಕ್ಕೆಲ್ಲ ಹೂಂಗುಡುವವನನ್ನು ಈಗಲೂ 'ಕೋಲೆ ಬಸವ' ಎಂದು ಹಂಗಿಸುತ್ತೇವೆ. ಮಾತು ಉಳಿಸಿಕೊಂಡು, ಮಾತಿಗೆ ಕಾರಣನಾದ ಬಸವನನ್ನು ಮುಂದಕ್ಕೆ ಕಳಿಸುತ್ತಿದ್ದೇವೆ.

ಮೊಮ್ಮಗಳು ಪ್ರಶ್ನೆ ಶುರುಮಾಡಿದಳು. "ಇದಕ್ಕೆ ಮಾತು ಹೇಗೆ ಅರ್ಥ ಆಗುತ್ತೆ?"

ಅವನು ನಕ್ಕ. "ಕರುವಾಗಿದ್ದಾಗಿಂದ ಕಲಿಸ್ತೀವಿ ಅವ್ವ. ಡೋಲಿನ ಸದ್ದು ಗೊತ್ತು, ನನ್ನ ದನಿ ಗೊತ್ತು. ಮಿಕ್ಕಿದ್ದು ಈ ಹಗ್ಗ ಹೇಳ್ತದೆ." ಹಗ್ಗವನ್ನು ಬೆರಳಿನಲ್ಲಿ ಒಂದಿಷ್ಟೇ ಅಲುಗಿಸಿದ. ಬಸವ ಹೌದೌದು ಎಂದಿತು.

"ನೋವಾಗಲ್ವಾ?"

"ಜಗ್ಗಿದ್ರೆ ಆಗ್ತದೆ. ಜಗ್ಗೋನು ಈ ಕಸುಬಿಗೆ ಬರಬಾರದು. ಅದು ಹಸಿದಿದ್ರೆ ನಾವೂ ಹಸಿದಿರ್ತೀವಿ."

"ಊರೂರು ಸುತ್ತೋದು ಚೆನ್ನಾಗಿರುತ್ತಲ್ವಾ? ನಾನೂ ಆಟದಲ್ಲಿ ಸುತ್ತುತೀನಿ. ರಾತ್ರಿ ಬೆಂಕಿ ಹಾಕ್ಕೊಂಡು ಕಥೆ ಹೇಳ್ತೀವಿ."

ಅವನು ಸ್ವಲ್ಪ ಹೊತ್ತು ಯೋಚಿಸಿದ. "ಬೆಂಕಿ ನಾವೂ ಹಾಕ್ತೀವಿ. ಮಳೆ ಬಂದ್ರೆ ಆರಿಹೋಗ್ತದೆ. ಆಟದಲ್ಲಿ ಮಳೆ ಬಂದ್ರೆ ನೆನೀತೀರಾ ಅವ್ವ?"

ಅವಳು ಇಲ್ಲ ಎಂದು ತಲೆಯಾಡಿಸಿದಳು.

ಅಷ್ಟು ಹೊತ್ತೂ ಅವನ ಮಗ ಬಸವನ ಕೊರಳು ತುರಿಸುತ್ತಾ ನಿಂತಿದ್ದ. ಎಷ್ಟನೇ ಕ್ಲಾಸು ಎಂದು ಕೇಳಿದೆ. "ಮೂರಕ್ಕೆ ಹೋಗ್ತಿದ್ದೆ" ಎಂದ. ಈ ಸುತ್ತಾಟ ಮುಗಿಸಿ ಹೋಗುವಷ್ಟರಲ್ಲಿ ಶಾಲೆಯಲ್ಲಿ ಹೆಸರು ಇರುತ್ತದೋ ಇಲ್ಲವೋ ಎಂದು ಅಪ್ಪನಿಗೆ ಅನುಮಾನ.

ಇಲ್ಲಿ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ನಾನು ಮೂವತ್ತು ವರ್ಷ ಮೇಷ್ಟ್ರಾಗಿದ್ದವನು. ಒಂದು ಚಳಿಗಾಲ ಇಂಥದೇ ಒಬ್ಬ ಹುಡುಗ ನನ್ನ ತರಗತಿಗೆ ಬಂದಿದ್ದ. ಊರಾಚೆ ಬಯಲಿನಲ್ಲಿ ಅವರ ಡೇರೆ. ಬಾಯಿಲೆಕ್ಕದಲ್ಲಿ ಗಟ್ಟಿಗ. ಡೇರೆ ಕಿತ್ತ ದಿನ ಅವನೂ ಹೋದ. ಕೆಲವು ವಾರ ಕಾದು, ಹಾಜರಿ ಪುಸ್ತಕದಲ್ಲಿ ಅವನ ಹೆಸರಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ನಿಯಮದ ಪ್ರಕಾರ ಸರಿಯೇ. ಆದರೆ ಯಾವ ಊರಿಗೆ ಹೋದರು ಎಂದು ನಾನು ಯಾರನ್ನೂ ಕೇಳಲಿಲ್ಲ. ಎರಡು ಸಾಲಿನ ಪತ್ರ ಬರೆದು ಅವರ ಕೈಗೆ ಕೊಟ್ಟಿದ್ದರೆ ಮುಂದಿನ ಊರಿನ ಮೇಷ್ಟ್ರಿಗೆ ತೋರಿಸಬಹುದಿತ್ತು. ಅದೂ ಹೊಳೆಯಲಿಲ್ಲ. ಅವನ ಹೆಸರು ಈಗ ನೆನಪಿಲ್ಲ, ಆ ಕೆಂಪು ಗೆರೆ ನೆನಪಿದೆ.

ಈಗ ಕಾನೂನು ಬೇರೆ. 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗು ವರ್ಷದ ನಡುವೆ ಬಂದರೂ ಸರ್ಕಾರಿ ಶಾಲೆ ಸೇರಿಸಿಕೊಳ್ಳಬೇಕು. ಟಿ.ಸಿ. ತಡವಾಯಿತೆಂದು ಹಿಂದಕ್ಕೆ ಕಳಿಸುವಂತಿಲ್ಲ. ಇದನ್ನು ಆ ತಂದೆಗೆ ಹೇಳಿದೆ. ಮೊಮ್ಮಗಳು ಒಳಗಿನಿಂದ ತನ್ನ ನೋಟ್‌ಬುಕ್ಕಿನ ಹಾಳೆ ಹರಿದು ತಂದಳು. ಹುಡುಗನ ಹೆಸರು, ಅವನು ಓದಿದ ಶಾಲೆ, ಅವನಿಗೆ ಬರುವ ಮಗ್ಗಿ, ಅವನು ನನ್ನೆದುರು ಓದಿ ತೋರಿಸಿದ ಪಾಠ, ಎಲ್ಲ ಬರೆದು ಕೆಳಗೆ 'ನಿವೃತ್ತ ಶಿಕ್ಷಕ' ಎಂದು ಸಹಿ ಹಾಕಿದೆ. ಸರ್ಕಾರಿ ಮೊಹರಿಲ್ಲದ ಕಾಗದ. ಯಾರು ಎಷ್ಟು ಬೆಲೆ ಕೊಡುತ್ತಾರೋ ಕಾಣೆ. ತಂದೆ ಅದನ್ನು ನಾಲ್ಕು ಮಡಿಕೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡ.

ಹೊರಡುವಾಗ ಮೊಮ್ಮಗಳು ಬಸವನ ಕಿವಿಯ ಹತ್ತಿರ ಕೇಳಿದಳು: "ಮುಂದಿನ ವರ್ಷ ಬರ್ತೀಯಾ?"

ಬಸವ ತಲೆಯಾಡಿಸಿತು.

"ಅಪ್ಪ ಹಗ್ಗ ಅಲುಗಿಸಿದ್ರು, ನಾನು ನೋಡ್ದೆ!" ಎಂದು ಹುಡುಗ ನಕ್ಕ. ನಾವೆಲ್ಲರೂ ನಕ್ಕೆವು.

ಅವತ್ತು ಸಂಜೆ ಅವಳು ಮತ್ತೆ ಆಟಕ್ಕೆ ಕೂತಳು. ನಾನು ಬೇಡ ಎನ್ನಲಿಲ್ಲ. ಪಾತ್ರ ಮಾಡುವುದರಲ್ಲಿ ತಪ್ಪೇನಿಲ್ಲ. ಹಿಂದಿನ ರಾತ್ರಿ ಅವಳನ್ನು ಬಾಗಿಲಿಂದ ಅಟ್ಟದೇ ಇದ್ದಿದ್ದರೆ, ಬೆಳಗ್ಗೆ ನಾನು ಅಟ್ಟಿದ್ದು ಅವಳಿಗೂ ಕೇಳಿಸುತ್ತಿರಲಿಲ್ಲವೇನೋ. ಟೊಳ್ಳು ಗದೆಯ ಭಾರ ಅವಳ ಭುಜಕ್ಕೆ ಗೊತ್ತಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಇಣುಕಿ ನೋಡಿದೆ. ಅವಳ ಗುಂಪಿನವರು ಬೆಂಕಿಯ ಸುತ್ತ ಕೂತಿದ್ದರು. ಅವಳು ಟೈಪು ಮಾಡುತ್ತಿದ್ದಳು: ಇವತ್ತು ಮಳೆ ಬಂತು, ಬೆಂಕಿ ಆರಿತು, ನಾವೆಲ್ಲ ನೆನೆದೆವು.

ಈ ವಾರ ನಿಮಗೊಂದು ಕೆಲಸ. ನಿಮ್ಮ ಊರಿಗೆ ಹಿಂದೆ ಯಾರ್ಯಾರು ಬರುತ್ತಿದ್ದರು ಎಂದು ಅಜ್ಜಿ ತಾತನನ್ನು ಕೇಳಿ. ಹಗಲುವೇಷದವರೇ? ಎತ್ತಿನ ಮೇಲೆ ಬಂದು ನಿಮ್ಮ ಮನೆತನದ ಹಿರಿಯರ ಹೆಸರು ಹೇಳುತ್ತಿದ್ದ ಹೆಳವರೇ? ಬುಡಬುಡಿಕೆಯವರೇ? ಅವರಲ್ಲಿ ಒಬ್ಬರ ಹೆಸರಾದರೂ ಅಜ್ಜಿ ತಾತನಿಗೆ ನೆನಪಿದೆಯೇ ಎಂದೂ ಕೇಳಿ. ನನಗೆ ಒಂದೂ ನೆನಪಿರಲಿಲ್ಲ. ಈಗ ಇಬ್ಬರ ಹೆಸರು ಗೊತ್ತು, ಬಸವನದೂ ಸೇರಿದರೆ ಮೂರು.